ಶಾಲೆಯ ಹೊಸ ಕಟ್ಟಡ, ಗೇಟಿನ ಧೂಳು, ಪಕ್ಕದ ಕೆರೆ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಹೊಸ ತರಗತಿ ಕೋಣೆಗಳ ಕೆಲಸ ಶುರುವಾಗುತ್ತಿದೆ. ಪಾಯ ತೆಗೆಯುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಮಕ್ಕಳು ಈ ಕೆಲಸದ ಪಕ್ಕದಲ್ಲೇ ಓದಬೇಕು, ಆಡಬೇಕು. ಜೊತೆಗೆ, ನಮ್ಮ ಗೇಟಿನ ಮುಂದಿನ ಮಳೆನೀರು ಚರಂಡಿ ನೇರ ಕೆರೆಗೆ ಹೋಗುತ್ತದೆ. ಮಧ್ಯೆ ಯಾವ ಶುದ್ಧೀಕರಣವೂ ಇಲ್ಲ. ಹಾಗಾಗಿ ನಾವು ಏನು ಮಾಡುತ್ತೇವೆ, ನಿಮ್ಮಿಂದ ಏನು ಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಧೂಳಿನ ಗೋಳೇ ಬೇರೆ, ಕೆರೆಯ ಗೋಳೇ ಬೇರೆ ಅನ್ನುವ ಹಾಗೆ ನಾವೆಲ್ಲ ಮಾತಾಡುತ್ತೇವೆ. ಆದರೆ ಎರಡೂ ಒಂದೇ ಮಣ್ಣು. ಟಿಪ್ಪರ್ ಚಕ್ರಕ್ಕೆ ಅಂಟಿಕೊಂಡು ರಸ್ತೆಗೆ ಬಂದ ಮಣ್ಣು ಬಿಸಿಲಿಗೆ ಒಣಗುತ್ತದೆ. ಗಾಡಿಗಳ ಕೆಳಗೆ ಸಿಕ್ಕಿ ಪುಡಿಯಾಗಿ ಗಾಳಿಗೆ ಏಳುತ್ತದೆ. ಮಳೆ ಬಂತೋ, ಅದೇ ಮಣ್ಣು ಚರಂಡಿ ಹಿಡಿದು ಕೆರೆ ಸೇರುತ್ತದೆ. ಆದ್ದರಿಂದ ಕಂಟ್ರಾಕ್ಟರ್ ಜೊತೆ ಮಾಡಿಕೊಂಡ ಕರಾರಿನಲ್ಲಿ ಮೊದಲ ಷರತ್ತು ಇದು: ಸೈಟಿನ ಮಣ್ಣು ಗೇಟು ದಾಟಬಾರದು.

ಏಳನೇ ತರಗತಿಯ ಮಕ್ಕಳು ಕಳೆದ ಮಳೆಗಾಲದಲ್ಲಿ ಚರಂಡಿ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ಹಿಡಿದು ತರಗತಿಯ ಕಿಟಕಿಯಲ್ಲಿ ಇಟ್ಟಿದ್ದರು. ಮರಳು ನೋಡನೋಡುತ್ತಲೇ ತಳ ಸೇರಿತು. ಅದರ ಮೇಲೆ ನುಣ್ಣನೆಯ ಕಂದು ಪದರ ನಿಧಾನವಾಗಿ ಕೂತಿತು. ಮಾರನೇ ದಿನ ಬಂದು ನೋಡಿದರೆ ಮೇಲಿನ ನೀರು ಇನ್ನೂ ಮಬ್ಬು! ಅದು ಜೇಡಿ. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟಿರುವ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯೋಕೆ ಸುಮಾರು ಮೂರು ದಿನ ಬೇಕು. ಅದಕ್ಕಿಂತ ಸಣ್ಣದಾದರೆ ವಾರ ದಾಟುತ್ತದೆ. ಕೆರೆಯಲ್ಲಿ ಗಾಳಿ ಬೀಸುತ್ತದೆ, ನೀರು ಕದಡುತ್ತಲೇ ಇರುತ್ತದೆ. ಅಲ್ಲಿ ಅದು ಯಾವಾಗ ಕೂರಬೇಕು, ಅಲ್ವಾ?

ಅಷ್ಟು ದಿನ ನೀರಿನೊಳಗೆ ಬೆಳಕು ಇಳಿಯುವುದಿಲ್ಲ, ತಳದ ಗಿಡಗಳು ಸೊರಗುತ್ತವೆ. ಮೀನಿನ ಕಿವಿರಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಮೊಟ್ಟೆಗಳು ಹೂಳಿನಡಿ ಮುಚ್ಚಿಹೋಗುತ್ತವೆ. ಮಣ್ಣಿನ ಕಣಕ್ಕೆ ಅಂಟಿಕೊಂಡು ರಂಜಕವೂ ಬರುತ್ತದೆ. ಪಾಚಿಗೆ ಅದು ಗೊಬ್ಬರ. ಹಾಗೆ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಹೂಳು ತೆಗೆಸಿದರಾಯಿತು ಅನ್ನುವವರಿದ್ದಾರೆ. ಅದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ತೆಗೆದ ಹೂಳು ಎಲ್ಲಿ ಹಾಕೋದು ಅನ್ನುವುದು ಇನ್ನೊಂದು ತಲೆನೋವು.

ಒಂದು ಸೈಟಿನಿಂದ ಎಷ್ಟು ಮಹಾ ಮಣ್ಣು ಹೋದೀತು ಅನ್ನಿಸಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ, ಕಾಮಗಾರಿ ಜಾಗದಿಂದ ಕೊಚ್ಚಿಹೋಗುವ ಮಣ್ಣು ಉಳುಮೆ ಭೂಮಿಗಿಂತ 10ರಿಂದ 20 ಪಟ್ಟು, ಕಾಡಿಗಿಂತ 1,000ದಿಂದ 2,000 ಪಟ್ಟು ಜಾಸ್ತಿ. ಬೇರು ಹಿಡಿದಿಟ್ಟಿದ್ದ ಮಣ್ಣನ್ನು ಕೆರೆದು ರಾಶಿ ಹಾಕಿ ಮಳೆಗೆ ಬಿಟ್ಟರೆ ಇನ್ನೇನಾಗುತ್ತದೆ?

ಅದಕ್ಕೇ ಇಡೀ ಜಾಗವನ್ನು ಒಂದೇ ಸಲ ಜೆಸಿಬಿ ತಂದು ಕೆರೆಯುತ್ತಿಲ್ಲ. ಕೆಲಸಕ್ಕೆ ಬೇಕಾದಷ್ಟೇ ಅಗೆತ. ಕಾಂಪೌಂಡ್ ಪಕ್ಕದ ಹುಲ್ಲು ಹಾಗೇ ಇರುತ್ತದೆ. ಪಾಯದ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಅಗೆದ ಮಣ್ಣು, ಮರಳು ಚರಂಡಿಯಿಂದ ದೂರ ಇರಬೇಕು, ಮೇಲೆ ಟಾರ್ಪಾಲ್ ಹೊದಿಸಿರಬೇಕು. ಇಳಿಜಾರಿನ ತಳದಲ್ಲಿ ಹೂಳು ನಿಲ್ಲುವ ಗುಂಡಿ ಮಾಡಿ, ಅದರ ಬಾಯಿಗೆ ಜಲ್ಲಿ ತುಂಬಿದ ಚೀಲ ಇಡುತ್ತೇವೆ. ಇದು ಮರಳನ್ನು ತಡೆಯುತ್ತದೆ, ಜೇಡಿಯನ್ನು ಪೂರ್ತಿ ತಡೆಯಲ್ಲ. ಜಾಡಿ ನೋಡಿದ ಮಕ್ಕಳಿಗೆ ಕಾರಣ ಗೊತ್ತು. ಮಣ್ಣು ಕೊಚ್ಚಿಹೋಗದ ಹಾಗೆ ಮೊದಲೇ ಮುಚ್ಚಿಡುವುದೇ ದೊಡ್ಡ ಕೆಲಸ, ಉಳಿದದ್ದೆಲ್ಲ ಆಮೇಲೆ.

ಸಿಮೆಂಟ್ ನೀರಿನ ಮಾತು ಬೇರೆ. ಕಾಂಕ್ರೀಟ್ ಮಿಕ್ಸರ್, ಬಾಂಡ್ಲಿ, ಕರಣೆ ತೊಳೆದ ನೀರಿನ ಪಿಎಚ್ 12ರ ಆಸುಪಾಸು ಇರುತ್ತದೆ. ಕೈಗೆ ತಾಗಿದರೆ ಚರ್ಮ ಸುಡುವಷ್ಟು ಕ್ಷಾರ. ಅದು ಒಂದು ಬಕೆಟ್ ಕೂಡ ಚರಂಡಿಗೆ ಹೋಗಬಾರದು. ಅದಕ್ಕೆ ಪ್ಲಾಸ್ಟಿಕ್ ಶೀಟು ಹಾಸಿದ ಬೇರೆ ಗುಂಡಿ ಇರುತ್ತದೆ. ಮಕ್ಕಳು ಆ ಕಡೆ ಸುಳಿಯದಂತೆ ಬೇಲಿಯೂ ಇರುತ್ತದೆ.

ಈಗ ಧೂಳು. ಇಲ್ಲೊಂದು ಇಕ್ಕಟ್ಟಿದೆ. ಧೂಳು ಅಂದ ಕೂಡಲೇ ಎಲ್ಲರೂ ಪೈಪು ಹಿಡಿಯುತ್ತಾರೆ. ನೆಲ ಒದ್ದೆಯಾಗುವಷ್ಟು ಚಿಮುಕಿಸಿದರೆ ಧೂಳು ಕೂರುತ್ತದೆ, ಅದು ಸರಿ. ಹರಿಯುವಷ್ಟು ಸುರಿದರೆ ಧೂಳು ಕೆಸರಾಗಿ ಕೆರೆ ಸೇರುತ್ತದೆ. ರಸ್ತೆಗೆ ಬಿದ್ದ ಮಣ್ಣನ್ನು ಪೈಪಿನಲ್ಲಿ ತೊಳೆಯುವುದು ನೋಡೋಕೆ ಚೆಂದ, ರಸ್ತೆ ಪಳಪಳ ಅನ್ನುತ್ತದೆ, ಆದರೆ ಮಣ್ಣೆಲ್ಲ ಚರಂಡಿ ಪಾಲು. ನಮ್ಮಲ್ಲಿ ಸಲಿಕೆಯಲ್ಲಿ ಬಾಚಿ, ಸ್ವಲ್ಪ ತೇವ ಮಾಡಿ ಗುಡಿಸಿ, ಗುಡಿಸಿದ್ದನ್ನು ಸೈಟಿನೊಳಗೇ ಹಾಕಬೇಕು. ಗೇಟಿನ ಒಳಗೆ ದಪ್ಪ ಜಲ್ಲಿ ಹಾಸುತ್ತೇವೆ. ಟಿಪ್ಪರ್ ಅದರ ಮೇಲೆ ಹಾದು ಹೊರಗೆ ಹೋಗುವಾಗ ಚಕ್ರದ ಮಣ್ಣು ಅಲ್ಲೇ ಉದುರಬೇಕು. ಕಟ್ಟಡಕ್ಕೆ ಹಸಿರು ಬಲೆಯೂ ಬರುತ್ತದೆ. ಅದನ್ನು ನೋಡಿ ಸುಮ್ನೆ ಸಮಾಧಾನ ಪಟ್ಟುಕೊಳ್ಳಬೇಡಿ. ಗೇಟಿನಿಂದ ಹೊರಬರುವ ಮಣ್ಣಿಗೆ ಆ ಬಲೆ ಏನೂ ಮಾಡಲ್ಲ.

ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪಿಎಂ 10 ಅಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದು ಮೂಗು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಡೀಸೆಲ್ ಯಂತ್ರಗಳ ಹೊಗೆಯಲ್ಲಿರುವ ಕಣ ಇನ್ನೂ ಸಣ್ಣದು, ಶ್ವಾಸಕೋಶದ ತಳ ಮುಟ್ಟುತ್ತದೆ. 2.5 ಮೈಕ್ರಾನ್‌ವರೆಗಿನ ಅಂಥ ಕಣಗಳಿಗೆ ಪಿಎಂ 2.5 ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಾಟಬಾರದು ಎಂದು ಹೇಳಿದ ಮಟ್ಟ, ದಿನವೊಂದಕ್ಕೆ ಘನ ಮೀಟರ್ ಗಾಳಿಯಲ್ಲಿ ಪಿಎಂ 10 ಸರಾಸರಿ 45 ಮೈಕ್ರೋಗ್ರಾಂ, ಪಿಎಂ 2.5 ಸರಾಸರಿ 15. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಫೋನಿನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಅಂಕಿ ಎಲ್ಲೋ ದೂರದ ಯಂತ್ರದ್ದು. ನಮ್ಮ ಗೇಟಿನ ಧೂಳು ಅದಕ್ಕೆ ಗೊತ್ತಾಗಲ್ಲ.

ನಿಮ್ಮಲ್ಲಿ ಹಲವರು ಇದೇ ಕೆಲಸದವರು. ಮೇಸ್ತ್ರಿಗಳಿದ್ದೀರಿ, ಟೈಲ್ಸ್ ಹಾಕುವವರಿದ್ದೀರಿ, ಲಾರಿ ಓಡಿಸುವವರಿದ್ದೀರಿ. ನಿಮಗೆ ಪಾಠ ಹೇಳುವಷ್ಟು ನನಗೆ ಗೊತ್ತಿಲ್ಲ. ಒಂದು ಮಾತು ಮಾತ್ರ ಕೇಳಿ. ಕಲ್ಲು, ಟೈಲ್ಸ್ ಒಣದಾಗಿ ಕತ್ತರಿಸುವಾಗ ಏಳುವ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ, ಕ್ಯಾನ್ಸರೂ ತರಬಹುದು. ಮುಖಕ್ಕೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲ್ಲ. ನೀರು ಹಾಕುತ್ತಾ ಕತ್ತರಿಸಿ, ಸರಿಯಾದ ಮಾಸ್ಕ್ ಕೇಳಿ ಪಡೆಯಿರಿ. ನಮ್ಮ ಸೈಟಿನಲ್ಲಿ ಒಣ ಕತ್ತರಿಸುವಿಕೆಗೆ ಅವಕಾಶ ಇಲ್ಲ.

ಮನೆ ಕಟ್ಟಿಸುತ್ತಿರುವವರು ಮರಳು, ಜಲ್ಲಿ, ಮಣ್ಣು ರಸ್ತೆ ಬದಿಯಲ್ಲಿ ಸುರಿಸಬೇಡಿ. ಜಾಗ ಇಲ್ಲ, ಸುರಿಸಲೇಬೇಕು ಅಂದರೆ ಕೆಲವೇ ದಿನಕ್ಕೆ ಬೇಕಾದಷ್ಟು ತರಿಸಿ, ಮುಚ್ಚಿಡಿ, ಚರಂಡಿಯ ಬಾಯಿ ಬಿಟ್ಟು ಹಾಕಿಸಿ. ಒಡೆದ ಗೋಡೆಯ ಅವಶೇಷವನ್ನು ರಾತ್ರಿ ಕೆರೆ ಅಂಚಿಗೆ ಸುರಿದು ಬರುವ ಲಾರಿಗೆ ಬಾಡಿಗೆ ಕಡಿಮೆ ಇರಬಹುದು. ದಯವಿಟ್ಟು ಅಂಥವರಿಗೆ ಕೆಲಸ ಕೊಡಬೇಡಿ.

ಉಬ್ಬಸ, ಅಲರ್ಜಿ ಇರುವ ಮಕ್ಕಳ ಪೋಷಕರು ತರಗತಿ ಶಿಕ್ಷಕರಿಗೆ ಬರೆದು ಕೊಡಿ, ಇನ್‌ಹೇಲರ್ ಬ್ಯಾಗಿನಲ್ಲೇ ಇರಲಿ. ಅಗೆತದ ದಿನ ಆಟದ ಪೀರಿಯಡ್ ಒಳಗೆ ನಡೆಯುತ್ತದೆ. ಬಿಡಲು, ಕರೆದುಕೊಂಡು ಹೋಗಲು ಬರುವವರು ಮುಂದಿನ ಗೇಟನ್ನೇ ಬಳಸಿ, ಗಾಡಿ ನಿಧಾನ ಓಡಿಸಿ, ನಿಂತಾಗ ಎಂಜಿನ್ ಆರಿಸಿ. ಗೇಟಿನ ಹೊರಗೆ ಮಣ್ಣು ಕಂಡರೆ ಫೋಟೋ ತೆಗೆದು ಕಚೇರಿಗೆ ಕಳಿಸಿ. ಸಂಕೋಚ ಬೇಡ.

ಇನ್ನೊಂದು ಕೋರಿಕೆ. ಜೋರು ಮಳೆ ಬಂದು ನಿಂತ ಸಂಜೆ ಐದಾರು ಪೋಷಕರು ನನ್ನ ಜೊತೆ ಸೈಟು ಸುತ್ತಿ, ಗುಂಡಿ, ಚರಂಡಿ ಎರಡನ್ನೂ ನೋಡಬೇಕು. ಬಿಸಿಲಿನಲ್ಲಿ ನೋಡಿದರೆ ಏನೂ ತಿಳಿಯಲ್ಲ. ಬರಲು ಮನಸ್ಸಿರುವವರು ಕಚೇರಿಯಲ್ಲಿ ಹೆಸರು ಬರೆಸಿ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ