ಬಣ್ಣದ ಚಿತ್ರ ಗೈಡ್‌ಗೆ ತೋರಿಸುವ ಮುಂಚೆ

ಪುಟ್ಟಿ,

ಮಾವನ ಆಶೀರ್ವಾದಗಳು. ನೀನು ಕಳಿಸಿದ, ಹಾಲನ್ನು ಬಿಸಿಗಾಳಿಗೆ ಹನಿಹನಿಯಾಗಿ ಸಿಂಪಡಿಸಿ ಪುಡಿ ಮಾಡುವ ಡ್ರೈಯರ್‌ನ ಸಿಮ್ಯುಲೇಶನ್ ನೋಡಿದೆ. ಮೇಲೆಲ್ಲ ಕೆಂಪು, ಕೆಳಗೆ ಹಸಿರು, ನಡುವೆ ಹನಿಗಳ ಗೆರೆಗಳು. ಚೆನ್ನಾಗಿದೆ. ಆದರೆ ಗೈಡ್‌ಗೆ ತೋರಿಸುವ ಮುಂಚೆ ಒಂದು ಹಾಳೆ, ಪೆನ್ನು ಹಿಡಿದು ಕೂತ್ಕೋ.

ನಿನ್ನ ಬಿಸಿಗಾಳಿ ಒಳಗೆ ಬರುವುದು 180 ಡಿಗ್ರಿಯಲ್ಲಿ, ಹೊರಗೆ ಹೋಗುವುದು 85ರಲ್ಲಿ. ಅಷ್ಟು ಬಿಸಿ ಬಿಟ್ಟುಕೊಟ್ಟರೆ ಒಂದು ಕಿಲೋ ಗಾಳಿ ಹೆಚ್ಚುಕಡಿಮೆ 40 ಗ್ರಾಂ ನೀರನ್ನು ಆವಿ ಮಾಡುತ್ತದೆ. 45 ಪರ್ಸೆಂಟ್ ಸಾಲಿಡ್ಸ್ (ನೀರು ಬಿಟ್ಟು ಉಳಿಯುವ ಭಾಗ) ಇರುವ 100 ಕಿಲೋ ಗಟ್ಟಿ ಹಾಲಿನ ಕನ್ಸಂಟ್ರೇಟ್‌ನಿಂದ 4 ಪರ್ಸೆಂಟ್ ತೇವದ ಪುಡಿ ಬೇಕಾದರೆ 53 ಕಿಲೋ ನೀರು ಹೋಗಬೇಕು. ಅಂದರೆ 1,300 ಕಿಲೋ ಗಾಳಿಯಾದರೂ ಬೇಕು. ಗೋಡೆಯಿಂದ ಸೋರಿಹೋಗುವ ಬಿಸಿಯ ಲೆಕ್ಕ ಬೇರೆ. ನಿನ್ನ ಕಂಪ್ಯೂಟರ್ ಇದರ ಹತ್ತಿರಕ್ಕೂ ಬರದಿದ್ದರೆ ಆ ಚಿತ್ರ ಪಕ್ಕಕ್ಕಿಡು. ಹನಿ ಗಾಳಿಯಿಂದ ಬಿಸಿ ತಗೊಳ್ಳುತ್ತದೆ, ಗಾಳಿಗೆ ತೇವ ಕೊಡುತ್ತದೆ. ಈ ಕೊಡುಕೊಳ್ಳುವ ಲೆಕ್ಕವನ್ನು ಕ್ರೋ, ಶರ್ಮಾ, ಸ್ಟಾಕ್ ಅನ್ನುವ ಸಂಶೋಧಕರು 1977ರಲ್ಲೇ ತೋರಿಸಿಕೊಟ್ಟರು. ಬರೀ ಗಾಳಿ ಹನಿಯನ್ನು ತಳ್ಳುವುದನ್ನಷ್ಟೇ ಲೆಕ್ಕ ಹಾಕಿದರೆ ಅರ್ಧ ಕೆಲಸ ಅಷ್ಟೆ.

ಎಲ್ಲ ಹನಿಗೂ ಒಂದೇ ಸೈಜ್ ಕೊಟ್ಟಿದ್ದೀಯ, ಅದು ನನಗೆ ಹಿಡಿಸಲಿಲ್ಲ. ನಾಝಲ್‌ನಿಂದ ಸಣ್ಣದೂ ಬರುತ್ತದೆ, ದಪ್ಪದೂ ಬರುತ್ತದೆ. 50 ಮೈಕ್ರಾನ್ ಹನಿಗಿಂತ 100 ಮೈಕ್ರಾನ್ ಹನಿಯಲ್ಲಿ ಎಂಟು ಪಟ್ಟು ಹಾಲು. ಆರುವುದಕ್ಕೆ ಸುಮಾರು ನಾಲ್ಕು ಪಟ್ಟು ಹೊತ್ತು. ಗೋಡೆಗೆ ಹಸಿಯಾಗಿ ಹೋಗಿ ಬಡಿಯುವುದು ಇಂಥ ದಪ್ಪ ಹನಿಗಳೇ. ಸರಾಸರಿ ತೆಗೆದರೆ ಅವು ಲೆಕ್ಕದಿಂದಲೇ ಮಾಯ!

ಇನ್ನು ಗೋಡೆ. ಹನಿ ತಾಗಿದರೆ ಅಂಟಬೇಕೋ, ಪುಟಿದು ಬರಬೇಕೋ ಅಂತ ಸಾಫ್ಟ್‌ವೇರ್ ನಿನ್ನನ್ನೇ ಕೇಳುತ್ತದೆ. ನೀನು ಎಲ್ಲವೂ ಅಂಟಲಿ ಅಂದಿದ್ದೀಯ. ಆಮೇಲೆ ‘ಗೋಡೆಗೆ ಪುಡಿ ಜಾಸ್ತಿ ಅಂಟುತ್ತದೆ’ ಅಂತ ರಿಸಲ್ಟ್ ಬರೆದಿದ್ದೀಯ. ಅದು ರಿಸಲ್ಟ್ ಅಲ್ಲ ಪುಟ್ಟಿ, ನೀನೇ ಕೊಟ್ಟ ಉತ್ತರ. ಹಾಲಿನ ಲ್ಯಾಕ್ಟೋಸ್ ಪೂರ್ತಿ ಒಣಗಿದ್ದರೆ ಸುಮಾರು 100 ಡಿಗ್ರಿವರೆಗೂ ಗಟ್ಟಿಯಾಗಿಯೇ ಇರುತ್ತದೆ. ಸ್ವಲ್ಪ ತೇವ ಉಳಿದಿದ್ದರೂ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಪಾಕದ ಹಾಗೆ ಅಂಟತೊಡಗುತ್ತದೆ. ಹಾಗಾಗಿ ಕಣ ಗೋಡೆ ತಾಗುವಾಗ ಅದರ ತೇವ ಎಷ್ಟು, ಬಿಸಿ ಎಷ್ಟು ಅಂತ ನೋಡಿ ಅಂಟುವುದನ್ನು ತೀರ್ಮಾನಿಸು. ಕೆಲಸ ಜಾಸ್ತಿ, ಗೊತ್ತು. ನಿನ್ನ ಥೀಸಿಸ್‌ನ ಜೀವ ಇರುವುದು ಅಲ್ಲೇ ಅಲ್ವಾ?

ಲೆಕ್ಕ ಒಂದು ಕಡೆ ನಿಲ್ಲದೆ ಓಲಾಡುತ್ತಿದೆ ಅಂತ ನೀನು ಅಂದಿದ್ದೆ. ಸುಮ್ನೆ ಮೆಶ್ (ಲೆಕ್ಕಕ್ಕೆ ಅಂತ ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿದ ಜಾಲ) ಬೈಯಬೇಡ. ಚೇಂಬರ್‌ನಲ್ಲಿ ಬಿಸಿಗಾಳಿಯ ಧಾರೆ ನಿಜಕ್ಕೂ ಅತ್ತಿತ್ತ ಓಲಾಡಬಹುದು. ಸಮಯದ ಜೊತೆ ಬದಲಾಗುವ ಲೆಕ್ಕ ಒಮ್ಮೆ ಹಾಕಿ ನೋಡು, ಪೂರ್ತಿ 3ಡಿಯಲ್ಲಿ.

ಪ್ಲಾಂಟ್‌ಗೆ ಹೋಗುವುದಿದ್ದರೆ ಶಟ್‌ಡೌನ್ ದಿನ ಹೋಗು. ಸಿಐಪಿ, ಅಂದರೆ ಬಿಚ್ಚದೆ ಒಳಗಡೆಯೇ ತೊಳೆಯುವ ಕೆಲಸ, ಶುರುವಾಗುವ ಮುಂಚೆಯೇ ತಲುಪು. ಗೋಡೆ ತೊಳೆದುಬಿಟ್ಟರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಆಪರೇಟರ್‌ಗೆ ಹೇಳಿ ಮ್ಯಾನ್‌ಹೋಲ್ ತೆಗೆಸು, ತಲೆ ಒಳಗೆ ಹಾಕಬೇಡ, ಟಾರ್ಚ್ ಬಿಡು. ಪುಡಿ ಯಾವ ಎತ್ತರದಲ್ಲಿ ಪಟ್ಟಿ ಕಟ್ಟಿದೆ, ಯಾವ ಬದಿಯಲ್ಲಿ ಕಂದು ತಿರುಗಿದೆ, ಅಳತೆ ಸಮೇತ ಬರೆದುಕೋ. ಗೋಡೆಗೆ ಬಡಿದು ಪುಡಿ ಉದುರಿಸುವ ಹ್ಯಾಮರ್ ಎಲ್ಲೆಲ್ಲಿ ಕೂರಿಸಿದ್ದಾರೆ ಅನ್ನುವುದನ್ನೂ ಗುರುತು ಹಾಕು. ಪುಡಿ ಎಲ್ಲಿ ಕೂರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಗಾಳಿ ಒಳಗೆ ಬರುವ ಕಡೆ ಅದರ ದಿಕ್ಕು ತಿರುಗಿಸುವ ವೇನ್‌ಗಳ ಕೋನ ಎಷ್ಟು ಅಂತ ನೀನು ಬರೆದೇ ಇಲ್ಲ. ಡ್ರಾಯಿಂಗ್ ಸಿಕ್ಕರೆ ನನಗೂ ಒಂದು ಕಾಪಿ ಕಳಿಸು.

ನಿನ್ನ ಮಾವ