ಗಣಿತದ ಪಿರಿಯಡ್ಡಿನಲ್ಲಿ ಮಕ್ಕಳು ಮೈದಾನದಲ್ಲೇಕೆ?

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳು ಗಣಿತದ ಪಿರಿಯಡ್ಡಿನಲ್ಲಿ ಮೈದಾನದಲ್ಲಿರುವುದನ್ನು ಕಂಡು "ಹಾಗಾದರೆ ಪಾಠ ಯಾವಾಗ?" ಎಂದು ಕೆಲವರು ಕೇಳಿದ್ದೀರಿ. ಅದೇ ಪಾಠ. ದೂರ, ತಿರುವು, ದಿಕ್ಕು ಇವು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗಬೇಕು.

1963ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿಯಾಗಿ ದಿನಕ್ಕೆ 3 ಗಂಟೆ ಬೆಳಕಿನಲ್ಲಿ ತಿರುಗುವ ತೊಲೆಯೊಂದರ ಎರಡು ತುದಿಗೆ ಕಟ್ಟುತ್ತಿದ್ದರು. ಒಂದು ಮರಿ ತಾನೇ ನಡೆಯುತ್ತಿತ್ತು, ಇನ್ನೊಂದು ಪೆಟ್ಟಿಗೆಯಲ್ಲಿ ಕುಳಿತು ಮೊದಲನೆಯದು ಎಳೆದತ್ತ ಸುತ್ತುತ್ತಿತ್ತು. ಎರಡಕ್ಕೂ ಕಂಡದ್ದು ಅದೇ ಪಟ್ಟೆ ಗೋಡೆ. ಆಮೇಲೆ ನೋಡಿದರೆ, ನಡೆದ ಮರಿ ಆಳ ಕಂಡು ಹಿಂಜರಿಯುತ್ತಿತ್ತು, ಕುಳಿತಿದ್ದ ಮರಿಗೆ ಆಳ ತಿಳಿಯುತ್ತಿರಲಿಲ್ಲ. (ಬೆಳಕಿನಲ್ಲಿ ಓಡಾಡಲು ಬಿಟ್ಟಾಗ ಎರಡು ದಿನದಲ್ಲಿ ಅದೂ ಸರಿಹೋಯಿತು.) ಮಕ್ಕಳು ಬೆಕ್ಕಿನ ಮರಿಗಳಲ್ಲ, ನಿಜ. ಆದರೂ ದಿನಾ ಸ್ಕೂಟರಿನಲ್ಲಿ ಬರುವ ಮಗುವನ್ನು ಶಾಲೆ ಎಷ್ಟು ದೂರ ಎಂದು ಕೇಳಿ ನೋಡಿ, "ಹತ್ತು ನಿಮಿಷ" ಎನ್ನುತ್ತದೆ!

ಅಳತೆಯನ್ನು ಗೇಣು, ಮೊಳ, ಮಾರಿನಿಂದ ಶುರು ಮಾಡಿದ್ದೇವೆ. ಸುಮಾರು ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಹೂವು ಕೊಳ್ಳುವಾಗ ಅದೇ ಮಾಲೆಯನ್ನು ಮಗು ತನ್ನ ಮೊಳದಿಂದಲೂ ಅಳೆಯಲಿ. ಲೆಕ್ಕ ಹೊಂದುವುದಿಲ್ಲ. ಮೀಟರ್ ಏಕೆ ಬೇಕಾಯಿತು ಎಂಬುದು ಅಲ್ಲಿಯೇ ತಿಳಿಯುತ್ತದೆ. ನಂತರ ಹೆಜ್ಜೆ: 10 ಮೀಟರ್ ಗುರುತು ಹಾಕಿ ಮೂರು ಸಲ ನಡೆಸಿ, ಹೆಜ್ಜೆ ಎಣಿಸಿ. 20 ಹೆಜ್ಜೆಯಾದರೆ ಒಂದೊಂದೂ 50 ಸೆಂ.ಮೀ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಮಕ್ಕಳು ಕಾಲು ಚಾಚಿ ಹಾಕುತ್ತಾರೆ. ಹಾಗಾಗಿ ಗೆರೆಗಿಂತ ನಾಲ್ಕು ಹೆಜ್ಜೆ ಹಿಂದಿನಿಂದಲೇ ನಡೆಯಲು ಹೇಳಿ, ಗೆರೆ ದಾಟಿದ ಮೇಲೆ ಎಣಿಸಿ.

ಕೋನದಲ್ಲಿ ಬಹಳ ಮಕ್ಕಳು ಎಡವುವುದು ಒಂದೇ ಕಡೆ. ಗೆರೆ ಉದ್ದವಿದ್ದರೆ ಕೋನವೂ ದೊಡ್ಡದು ಎಂದುಕೊಳ್ಳುತ್ತಾರೆ. ಕೈ ಮುಂದಕ್ಕೆ ಚಾಚಿ ಬಲಕ್ಕೆ ತಿರುಗಿಸಿ, 90 ಡಿಗ್ರಿ. ಕೈಗೆ ಉದ್ದನೆಯ ಕೋಲು ಕೊಟ್ಟು ಮತ್ತೆ ತಿರುಗಿಸಿ, ಆಗಲೂ 90. ತಿರುಗಿದ್ದು ಮೈ, ಕೋಲಿನ ಉದ್ದಕ್ಕೆ ಅಲ್ಲಿ ಕೆಲಸವಿಲ್ಲ.

ಎಡ-ಬಲ ಹೇಳಿಕೊಡುವಾಗ ಎದುರು ನಿಲ್ಲಬೇಡಿ. ನಿಮ್ಮ ಬಲಗೈ ಮಗುವಿನ ಎಡಕ್ಕೆ ಬರುತ್ತದೆ. ಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ನಕ್ಷೆಯನ್ನು ನೆಲದ ಮೇಲೆ ಹಾಸಿ, ಅದರ ಉತ್ತರ ನಿಜವಾದ ಉತ್ತರಕ್ಕೇ ಇರಲಿ. ಗೋಡೆಯ ನಕ್ಷೆಯನ್ನಷ್ಟೇ ನೋಡಿದ ಮಗು ಉತ್ತರ ಎಲ್ಲಿ ಎಂದರೆ ಸೂರಿನತ್ತ ಬೆರಳು ತೋರಿಸುತ್ತದೆ.

ಮನೆಯಲ್ಲಿ ಬರೆಯಲು ಕೂರುವ ಬಗ್ಗೆಯೂ ಒಂದು ಮಾತು. ಕುರ್ಚಿಯಲ್ಲಿ ಕಾಲು ನೇತಾಡಿದರೆ ಮಗು ಜಾರುತ್ತದೆ, ಕೈಗೆ ತಲೆ ಆನಿಸುತ್ತದೆ, ಕಣ್ಣು ಪುಸ್ತಕಕ್ಕೆ ತೀರಾ ಹತ್ತಿರವಾಗುತ್ತದೆ. "ನೆಟ್ಟಗೆ ಕೂತ್ಕೋ" ಎಂದು ಗದರಿದರೆ ಎರಡು ನಿಮಿಷ ಕೂರಬಹುದು, ಅಷ್ಟೆ. ಪಾದದಡಿ ಮಣೆ ಇಡಿ. ಚಕ್ಕಳಮಕ್ಕಳ ಹಾಕಿ ಕೂರುವುದಾದರೆ ಮುಂದೊಂದು ಇಳಿಜಾರು ಡೆಸ್ಕ್ ಬೇಕು. ಪುಸ್ತಕಕ್ಕೂ ಕಣ್ಣಿಗೂ ಒಂದಡಿಯಷ್ಟು ಅಂತರವಿರಲಿ. ಅರ್ಧ ಗಂಟೆಗೊಮ್ಮೆ ಏಳಿಸಿ ಓಡಾಡಲು ಬಿಡಿ.

ಎಡಗೈಯಲ್ಲಿ ಬರೆಯುವ ಮಕ್ಕಳ ಪೋಷಕರು ದಯವಿಟ್ಟು ಡೈರಿಯಲ್ಲಿ ಬರೆದು ಕಳುಹಿಸಿ. ಪಕ್ಕದವರ ಮೊಣಕೈ ತಾಗದಂತೆ ಅವರನ್ನು ಬೆಂಚಿನ ಎಡತುದಿಗೆ ಕೂರಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕರು