ಎಡಕುಮೇರಿಯಲ್ಲಿ ರೈಲು ನಿಂತರೆ

ನೆಟ್ಟಣ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. "ಅಪ್ಪ, ಎಡಕುಮೇರಿಗೆ ರಸ್ತೆಯೇ ಇಲ್ಲ, ಹತ್ತುವವರು ಇಳಿಯುವವರು ಕಾಣುವುದಿಲ್ಲ. ಅಷ್ಟು ವರ್ಷ ಮುಚ್ಚಿದ್ದ ಸ್ಟೇಷನ್ನನ್ನು ಮತ್ತೆ ಏಕೆ ತೆರೆದರು?" ಎಂದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಹೊರಗೆ ಆಟಿಯ ಮಳೆ ಹೊಯ್ಯುತ್ತಿದೆ, ಕೈಗೆ ಬೇರೆ ಕೆಲಸವಿಲ್ಲ. ಬರೆಯುತ್ತೇನೆ.

ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಪೂರ್ತಿಯಾಯಿತು. ಹೊಸಪೇಟೆ ಕಡೆಯ ಅದಿರನ್ನು ಮಂಗಳೂರಿನ ಬಂದರಿಗೆ ಮುಟ್ಟಿಸುವುದು ಅದರ ಮುಖ್ಯ ಉದ್ದೇಶ. ಸಕಲೇಶಪುರದಿಂದ ನಮ್ಮ ನೆಟ್ಟಣದ ಸ್ಟೇಷನ್ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ. ಐವತ್ತು ಮೀಟರ್ ಓಡಿದರೆ ಒಂದು ಮೀಟರ್ ಇಳಿಯುವ ಹಳಿ. ಕೇಳಲು ಸಣ್ಣದು, ಆದರೆ ಅದಿರು ತುಂಬಿದ ಗೂಡ್ಸ್‌ಗೆ ಅದು ಜಾರುಬಂಡೆ. ಹತ್ತುವಾಗ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್ ಬೇಕು, ಇಳಿಯುವಾಗ ಬ್ರೇಕ್ ಒಂದೇ ದೇವರು.

ಈ ಘಾಟಿಯ ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಸ್ಟೇಷನ್ನುಗಳು. ಹಳಿ ಇರುವುದು ಒಂದೇ. ಮೇಲಿನಿಂದ ಒಂದು ಗಾಡಿ, ಕೆಳಗಿನಿಂದ ಇನ್ನೊಂದು ಹೊರಟರೆ ಒಂದನ್ನು ಪಕ್ಕದ ಹಳಿಗೆ ತೆಗೆದುಕೊಂಡು ನಿಲ್ಲಿಸಬೇಕು. ಆ ಕೆಲಸ ನಡೆಯುವುದು ಇಂಥ ಸ್ಟೇಷನ್ನುಗಳಲ್ಲಿ. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇದು.

ನಾನು ಎಡಕುಮೇರಿಗೆ ಗ್ಯಾಂಗ್‌ಮನ್ ಆಗಿ, ಅಂದರೆ ಹಳಿ ನೋಡಿಕೊಳ್ಳುವ ಕೆಲಸಕ್ಕೆ, ಹೋದಾಗ ಮೀಟರ್‌ಗೇಜ್ ಎಂಬ ಕಿರಿದಾದ ಹಳಿಯ ಕಾಲ. ಅಕ್ಕಿ, ಬೇಳೆ, ಸೀಮೆಎಣ್ಣೆ, ಮನೆಯಿಂದ ಬರುವ ಕಾಗದ, ಎಲ್ಲವೂ ರೈಲಿನಲ್ಲೇ ಬರಬೇಕು. ಜ್ವರ ಬಂದವನೂ ರೈಲಿನಲ್ಲೇ ಹೋಗಬೇಕು. ಕುಮೇರಿ ಎಂದರೆ ಗುಡ್ಡದ ಕಾಡು ಕಡಿದು, ಸುಟ್ಟು ಮಾಡುತ್ತಿದ್ದ ಬೇಸಾಯ. ಹೆಸರಿನಲ್ಲಿ ಬೇಸಾಯವಿದ್ದರೂ ನಾನು ಕಂಡದ್ದು ಕಾಡು, ರಕ್ತ ಹೀರುವ ಉಂಬಳ, ಆನೆಯ ಲದ್ದಿ. ಮಳೆಗಾಲದಲ್ಲಿ ರಾತ್ರಿಯಿಡೀ ಲಾಟೀನು ಹಿಡಿದು ಹಳಿಯ ಮೇಲೆ ನಡೆಯುತ್ತಿದ್ದೆವು. ಗುಡ್ಡ ಜರಿಯುವ ಮುಂಚೆ ಒಂದು ಸದ್ದು ಬರುತ್ತದೆ. ಸಣ್ಣ ಸಣ್ಣ ಕಲ್ಲು ಉರುಳುವ ಸದ್ದು. ಸುರಿಯುವ ಮಳೆಯ ನಡುವೆ ಅದನ್ನು ಹೆಕ್ಕಿ ಕೇಳುವುದನ್ನು ನಮ್ಮ ಮೇಸ್ತ್ರಿ ಕಲಿಸಿದ್ದರು. ಈಗಲೂ ಮಳೆ ಬಿರುಸಾದರೆ ನಿದ್ದೆ ಹತ್ತುವುದಿಲ್ಲ. ಅಮ್ಮನನ್ನು ಕೇಳು.

1996ರಲ್ಲಿ ಘಾಟಿ ಮುಚ್ಚಿದರು. ಅಷ್ಟರಲ್ಲಿ ಸುತ್ತಲಿನ ಮಾರ್ಗಗಳು ಅಗಲ ಹಳಿಯ ಬ್ರಾಡ್‌ಗೇಜ್ ಆಗತೊಡಗಿದ್ದವು, ನಮ್ಮದು ದಿಕ್ಕಿಲ್ಲದ ತುಂಡಿನಂತೆ ಉಳಿಯುವುದರಲ್ಲಿತ್ತು. ಬದಲಾಯಿಸಬೇಕಾದದ್ದು ನಿಜ. ಆದರೆ ಮುಚ್ಚಿದಷ್ಟು ಬೇಗ ತೆರೆಯಲಿಲ್ಲ. ನನಗೆ ಬಯಲುಸೀಮೆಗೆ ವರ್ಗವಾಯಿತು. ಒಮ್ಮೆ ರಜೆಯಲ್ಲಿ ಬಂದವನು ಗುಂಡ್ಯದ ಕಡೆಯಿಂದ ಕಾಡು ಹತ್ತಿ ಎಡಕುಮೇರಿ ನೋಡಲು ಹೋದೆ. ಗೋಡೆಯ ಮೇಲೆ ಪಾಚಿ, ನಾವು ಮಲಗುತ್ತಿದ್ದ ಕೋಣೆಗೆ ಬಾಗಿಲಿಲ್ಲ. ಚಾರಣಕ್ಕೆ ಬಂದಿದ್ದ ಕಾಲೇಜು ಹುಡುಗರು ಪ್ಲಾಟ್‌ಫಾರ್ಮಿನ ಮೇಲೆ ಅನ್ನ ಬೇಯಿಸುತ್ತಿದ್ದರು. "ಎಂಥ ಶಾಂತವಾದ ಜಾಗ" ಎಂದು ಅವರಲ್ಲೊಬ್ಬ ಹೇಳಿದ. ಆ ಮಕ್ಕಳದು ತಪ್ಪಿಲ್ಲ, ಅವರು ಅದನ್ನು ಗಾಡಿ ಓಡುವ ಕಾಲದಲ್ಲಿ ನೋಡಿರಲಿಲ್ಲ. ನನಗೆ ಮಾತ್ರ ಆ ಮೌನ ಸಹಿಸಲಾಗಲಿಲ್ಲ. ತೀರಿಹೋದವರ ಮನೆಗೆ ಹೋದಂತಾಯಿತು. ಕೆಂಪುಹೊಳೆಯ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕುಳಿತು ಇಳಿದುಬಂದೆ.

2006ರ ಮೇ ತಿಂಗಳಲ್ಲಿ ಗೂಡ್ಸ್ ಗಾಡಿಗಳಿಗೆ ದಾರಿ ತೆರೆಯಿತು. ಅಷ್ಟರಲ್ಲಿ ನಾನು ಕೇಳಿಕೊಂಡು ಮತ್ತೆ ಘಾಟಿಗೆ ಬಂದಿದ್ದೆ. ಹೊಸ ಹಳಿ ಅಗಲ, ಹೊಸ ಸ್ಲೀಪರ್ ಕಾಂಕ್ರೀಟಿನದು, ಗುಡ್ಡ ಮಾತ್ರ ಹಳೆಯದೇ. ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಆ ಚಳಿಗೆ ನನ್ನ ಮಫ್ಲರ್ ಸುತ್ತಿಕೊಂಡು ನೀನು ನೆಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಬೆಂಗಳೂರಿನ ಗಾಡಿ ಬಂದು ನಿಂತಾಗ "ಇಷ್ಟೊಂದು ಜನ ನಿದ್ದೆ ಮಾಡುತ್ತಿದ್ದಾರೆ!" ಎಂದು ಕಿಟಕಿಗಳನ್ನು ತೋರಿಸಿದೆ. ನೆನಪಿದೆಯೇ? ನನಗಂತೂ ಆ ಮಾತು ಸಂಬಳಕ್ಕಿಂತ ದೊಡ್ಡದಾಗಿ ಕಂಡಿತು.

ಉತ್ತರದ ಇನ್ನರ್ಧ ಅಲ್ಲಿದೆ, ಮಗಳೇ. ಅವರು ಘಾಟಿಯಲ್ಲಿ ನಿದ್ದೆ ಮಾಡಬೇಕಾದರೆ ಎಡಕುಮೇರಿಯಲ್ಲಿ ಯಾರಾದರೂ ಎಚ್ಚರವಿರಬೇಕು. ಹಾಗೆ ಎಚ್ಚರವಿರುವವರಿಗೆ ಒಂದು ಸೂರು, ಒಂದು ದೀಪ, ಮೇಲಿನವರಿಗೂ ಕೆಳಗಿನವರಿಗೂ ಸುದ್ದಿ ಮುಟ್ಟಿಸಲು ಒಂದು ಫೋನು ಬೇಕು.

ಗುಡ್ಡವೇನೂ ಸುಮ್ಮನಾಗಿಲ್ಲ. 2018ರ ಆಗಸ್ಟ್‌ನಲ್ಲಿ ಎಷ್ಟು ಕಡೆ ಜರಿಯಿತೆಂದರೆ ವಾರಗಟ್ಟಲೆ ರೈಲಿರಲಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಯಿತು. ನೂರಾರು ಜನ ಮಳೆಯಲ್ಲೇ ನಿಂತು ಕಲ್ಲು ಪೇರಿಸಿದರು, ಆಗಸ್ಟ್‌ನಲ್ಲಿ ರೈಲು ಮತ್ತೆ ಓಡಿತು. ಪತ್ರಿಕೆಗಳಲ್ಲಿ "ಸಂಚಾರ ಪುನರಾರಂಭ" ಎಂದು ಎರಡು ಪದ. ಆ ಎರಡು ಪದಗಳ ಹಿಂದೆ ಎಷ್ಟು ಜನರ ಕೈ ಬೊಬ್ಬೆ ಎದ್ದಿತ್ತೆಂದು ನನಗೆ ಗೊತ್ತು.

ಈ ಸಲ ರಾತ್ರಿ ರೈಲು ಬೇಡ, ಹಗಲಿನದರಲ್ಲಿ ಬಾ. ದೋಣಿಗಲ್ ದಾಟಿದ ಮೇಲೆ ಮೊಬೈಲ್ ಕೆಳಗಿಡು. ಎಡಕುಮೇರಿಯಲ್ಲಿ ಕ್ರಾಸಿಂಗಿಗೆ ಗಾಡಿ ನಿಂತರೆ ಬಾಗಿಲಿಗೆ ಬಂದು ನೋಡು, ಆದರೆ ಇಳಿಯಬೇಡ. ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು, ಹೆಗಲಿಗೆ ಸುತ್ತಿಗೆ ಹೊತ್ತು ಯಾರಾದರೂ ನಿಂತಿರುತ್ತಾರೆ. ನೆಟ್ಟಣದವನ ಮಗಳು ಎಂದರೆ ಹಳಬರಿಗೆ ಗುರುತು ಸಿಗಬಹುದು.

ಅಮ್ಮ ಪತ್ರೊಡೆಗೆ ಕೆಸುವಿನೆಲೆ ನೋಡಿಟ್ಟಿದ್ದಾಳೆ. ಕೊಡೆ ಮರೆಯಬೇಡ.

ಇತಿ,
ನಿನ್ನ ಅಪ್ಪ